ಬೋರ್ಡು ಹಾಕಿದ್ರೆ ವಿಶ್ವವಿದ್ಯಾಲಯ ಆಗುತ್ತಾ?

ಬಜೆಟ್ ದಿನ ಟಿವಿ ಮುಂದೆ ಕೂತವರಿಗೆಲ್ಲ ಇದು ಗೊತ್ತು. ಸದನದಲ್ಲಿ ಮೇಜು ಕುಟ್ಟುವ ಸದ್ದು ಜೋರಾಗೋದು 'ಹೊಸದಾಗಿ ಸ್ಥಾಪಿಸಲಾಗುವುದು' ಅನ್ನೋ ಮಾತು ಬಂದಾಗ. ಈಗಾಗಲೇ ಇರುವುದನ್ನು ನಡೆಸೋಕೆ ಎಷ್ಟು ಇಟ್ಟಿದ್ದೀರಿ ಅನ್ನೋ ಸಾಲಿಗೆ ಯಾರೂ ಮೇಜು ಕುಟ್ಟಲ್ಲ.

ಸ್ವಲ್ಪ ಹಿಂದೆ ಹೋಗೋಣ. 1916ರ ಜುಲೈ 27. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ದಿನ. ಅಲ್ಲಿಯವರೆಗೆ ನಮ್ಮ ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜುಗಳ ಹುಡುಗರ ಪದವಿಗೆ ಮದ್ರಾಸಿನ ಮುದ್ರೆ ಬೀಳಬೇಕಿತ್ತು. ಜಗತ್ತಿನಲ್ಲಿ ಮಹಾಯುದ್ಧ ನಡೀತಿತ್ತು. ಇತ್ತ ಕನ್ನಂಬಾಡಿ ಅಣೆಕಟ್ಟೆಯ ಕೆಲಸವೂ ಖಜಾನೆಯ ಮೇಲಿತ್ತು. ದುಡ್ಡಿಲ್ಲ ಅಂತ ಸುಮ್ಮನಾಗೋಕೆ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ದಿವಾನ್ ವಿಶ್ವೇಶ್ವರಯ್ಯನವರಿಗೂ ಬೇಕಾದಷ್ಟು ನೆಪಗಳಿದ್ದವು. ಅವರು ಸುಮ್ಮನಾಗಲಿಲ್ಲ. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿಯಾದರು. ಎರಡೇ ವರ್ಷಕ್ಕೆ ತತ್ವಶಾಸ್ತ್ರ ಕಲಿಸೋಕೆ ಸರ್ವೇಪಲ್ಲಿ ರಾಧಾಕೃಷ್ಣನ್ ಬಂದರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿದ ಕುವೆಂಪು ಮುಂದೆ ಅದರ ಕುಲಪತಿಯಾಗಿ ಮಾನಸಗಂಗೋತ್ರಿ ಕಟ್ಟಿದರು. ಉತ್ತರ ಕರ್ನಾಟಕದ ಕಥೆಯೂ ಅಷ್ಟೆ. 1949ರಲ್ಲಿ ಮುಂಬೈನಲ್ಲಿ ಶುರುವಾದ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆ 1954ರಿಂದ 13 ವರ್ಷ ಕೂತು ಅದನ್ನು ಬೆಳೆಸಿದರು. ಗಮನಿಸಿ, ಎರಡೂ ಕಡೆ ಘೋಷಣೆಯ ಹಿಂದೆ ಮೇಷ್ಟ್ರು, ಕಟ್ಟಡ, ವರ್ಷ ವರ್ಷದ ಹಣ ಬಂತು.

ಈಗ 2022ಕ್ಕೆ ಬನ್ನಿ. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಜೆಟ್‌ನಲ್ಲಿ ಏಳು ಹೊಸ ವಿಶ್ವವಿದ್ಯಾಲಯ ಘೋಷಿಸಿದರು. ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ. ಕಟ್ಟಡ ಕಮ್ಮಿ, ಸಿಬ್ಬಂದಿ ಕಮ್ಮಿ, ತಂತ್ರಜ್ಞಾನ ಜಾಸ್ತಿ ಅನ್ನೋದು ಲೆಕ್ಕಾಚಾರ. ಒಂದೊಂದಕ್ಕೆ ಎತ್ತಿಟ್ಟದ್ದು ಸುಮಾರು 2 ಕೋಟಿ ರೂಪಾಯಿ! ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರದ ಸ್ನಾತಕೋತ್ತರ ಕೇಂದ್ರಗಳು ರಾತ್ರೋರಾತ್ರಿ ವಿಶ್ವವಿದ್ಯಾಲಯಗಳಾದವು. ಬೋರ್ಡು ಬದಲಾಯ್ತು. ಒಳಗೆ ಪಾಠ ಮಾಡುವವರು ಬಹುಪಾಲು ಅದೇ ಅತಿಥಿ ಉಪನ್ಯಾಸಕರು.

ಇದರಲ್ಲಿ ಇನ್ನೊಂದು ಪೆಟ್ಟೂ ಇದೆ. ಕಾಲೇಜುಗಳ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕವೇ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಕೈಗೆ ಬರುವ ಕಾಸು. ಜಿಲ್ಲೆ ಕೈತಪ್ಪಿದರೆ ಆ ಕಾಸೂ ತಪ್ಪಿತು. ನಿವೃತ್ತರ ಪಿಂಚಣಿಯ ಹೊರೆ ಮಾತ್ರ ತಾಯಿಯ ತಲೆಯ ಮೇಲೇ ಉಳೀತು. ಶತಮಾನ ದಾಟಿದ ಮೈಸೂರು ವಿವಿಯೇ ಪಿಂಚಣಿ ಕೊಡೋಕೆ ಒದ್ದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಮಗು ಬೆಳೀಲಿಲ್ಲ, ತಾಯಿಯೂ ಸೊರಗಿದಳು.

ಸರ್ಕಾರ ಬದಲಾಯ್ತು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಹಿಂದಿನವರು ಶುರುಮಾಡಿದ ಹತ್ತರಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಕಾರಣ? ದುಡ್ಡಿಲ್ಲ. ಒಬ್ಬರು ದುಡ್ಡಿಡದೆ ತೆರೆದರು, ಇನ್ನೊಬ್ಬರು ದುಡ್ಡಿಲ್ಲ ಅಂತ ಬಾಗಿಲು ಹಾಕೋಕೆ ಹೊರಟರು. ಇಬ್ಬರಿಗೂ ರಾಜಕೀಯದ ಲೆಕ್ಕ ಸರಿಯಾಗಿಯೇ ಇತ್ತು. ನಡುವೆ ಸಿಕ್ಕಿಕೊಂಡಿದ್ದು ಯಾರು? ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ ಓದುವ ಅನುಕೂಲ ಇಲ್ಲದ ಕೊಡಗಿನ ಹುಡುಗಿ. ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಲಾಗದ ಕೊಪ್ಪಳದ ರೈತನ ಮಗ. ಖಾಸಗಿ ವಿಶ್ವವಿದ್ಯಾಲಯದ ಶುಲ್ಕ ಇವರಿಬ್ಬರ ಕನಸಿನಲ್ಲೂ ಇಲ್ಲ.

ಮುಂದಿನ ಬಜೆಟ್ ದಿನ ಒಂದು ಕೆಲಸ ಮಾಡಿ. ಎಷ್ಟು ಹೊಸ ಹೆಸರು ಬಂತು ಅಂತ ಎಣಿಸಬೇಡಿ. ಎಷ್ಟು ಕಾಯಂ ಅಧ್ಯಾಪಕರ ಹುದ್ದೆಗೆ ಸಂಬಳ ಇಟ್ಟರು ಅಂತ ಕೇಳಿ. 1916ರಲ್ಲಿ ರಾಜರಿಗೆ ವೋಟು ಬೇಕಿರಲಿಲ್ಲ, ಆದರೂ ಕೊಟ್ಟರು. ಈಗಿನವರಿಗೆ ವೋಟು ಬೇಕು. ಹಾಗಾಗಿ ಕೇಳುವ ಹಕ್ಕು ನಿಮ್ಮದೇ ಅಲ್ವಾ?