ದಿನಕ್ಕೆ ಎರಡಾಣೆ

ಬ್ಯಾಂಕಿನ ಮೆಟ್ಟಿಲು ಹತ್ತದಂತೆ ಬಡವನನ್ನು ತಡೆದದ್ದು ಬಡತನವೊಂದೇ ಅಲ್ಲ, ಸಂಕೋಚವೂ ಹೌದು. ಕಾಲಿಗೆ ಚಪ್ಪಲಿಯಿಲ್ಲದವನು ಗುಮಾಸ್ತರ ಮೇಜಿನೆದುರು ನಿಂತು ಎರಡಾಣೆಯ ಬಿಲ್ಲೆಯನ್ನು ಚಾಚುವುದು ಹೇಗೆ? ಚಾಚಿದರೂ, ಲೆಕ್ಕ ಬರೆಯುವ ಶಾಯಿಗೇ ಅದಕ್ಕಿಂತ ಹೆಚ್ಚು ತಗಲೀತೆಂದು ಗುಮಾಸ್ತರು ನಕ್ಕಾರು.

ದಕ್ಷಿಣ ಕನ್ನಡದ ಬ್ಯಾಂಕುಗಳ ಚರಿತ್ರೆಯನ್ನು ಓದುವಾಗ ಈ ಸಂಕೋಚವನ್ನು ಅರಿತವರು ಸಿಕ್ಕಿದರೆಂದು ನನಗನ್ನಿಸುತ್ತದೆ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಆ ಜಿಲ್ಲೆಗೆ ಬ್ಯಾಂಕು ಹೊಸದಾಗಿರಲಿಲ್ಲ. 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಒಂದೊಂದನ್ನು ಕಟ್ಟಿದ್ದರು. 1925ರಲ್ಲಿ ಉಡುಪಿಯಲ್ಲಿಯೇ ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವ, ವೈದ್ಯರಾದ ಟಿ. ಎಂ. ಎ. ಪೈ, ಈ ಮೂವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಅವರ ಮೊದಲ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದದ್ದು ಇದೇ.

1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ತಂದರು. ಪಿಗ್ಮಿ ಎಂದರೆ ಕುಳ್ಳ. ಹೆಸರಿಗೆ ತಕ್ಕ ಮೊತ್ತ. ಬಡವನು ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಅವನ ಬಾಗಿಲಿಗೆ ಹೋಗಬೇಕು, ಇಷ್ಟೇ ಯೋಜನೆ. ಏಜೆಂಟನು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯನ್ನೂ ಬೇಡವೆನ್ನದೆ ಪಡೆಯುತ್ತಿದ್ದ. ರೂಪಾಯಿಗೆ ಹದಿನಾರಾಣೆಯ ಆ ಕಾಲದಲ್ಲಿ, ಒಂದು ದಿನವೂ ತಪ್ಪದೆ ಕಟ್ಟಿದವನಿಗೆ ವರ್ಷಕ್ಕೆ 45 ರೂಪಾಯಿ 10 ಆಣೆ ಕೂಡುತ್ತಿತ್ತು, ಬಡ್ಡಿ ಬೇರೆ. ಮನೆಯ ಡಬ್ಬಿಯಲ್ಲಿಟ್ಟಿದ್ದರೆ ಅಷ್ಟು ಗಂಟು ಉಳಿಯುತ್ತಿತ್ತೇ? ಹಬ್ಬ ಬಂದೀತು, ನೆಂಟರು ಬಂದಾರು, ಮಗುವಿಗೆ ಜ್ವರ ಬಂದೀತು. ದಿನದಿನದ ದುಡಿಮೆಯವನಿಗೆ ತಿಂಗಳ ಕಂತು ಒಗ್ಗದು ಎಂಬ ತಿಳಿವಳಿಕೆ ಈ ಏರ್ಪಾಟಿನಲ್ಲಿದೆ. ತಿಂಗಳ ಮೊದಲ ತಾರೀಖನ್ನು ಕಾಯುವ ನಮ್ಮಂಥವರಿಗೆ ಅದು ಬೇಗ ಹೊಳೆಯುವಂಥದಲ್ಲ.

ದುಡ್ಡು ಇಡಲು ಬಾಗಿಲು ತೆರೆಯಿತು, ಸರಿ, ಸಾಲ ಬೇಕಾದಾಗ? ರಿಜರ್ವ್ ಬ್ಯಾಂಕು 1951-52ರಲ್ಲಿ ದೇಶದ ಗ್ರಾಮೀಣ ಸಾಲದ ಸಮೀಕ್ಷೆಯನ್ನು ನಡೆಸಿತು. ರೈತರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ 0.9, ಸಹಕಾರ ಸಂಘಗಳದು 3.1. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿ ಅರ್ಧ ಶತಮಾನವಾಗುತ್ತ ಬಂದಿದ್ದರೂ ಈ ಸ್ಥಿತಿ! ಉಳಿದುದರಲ್ಲಿ ಬಹುಪಾಲು ಸಾಹುಕಾರನದೇ. ಅವನ ಬಡ್ಡಿಯನ್ನು ನಾವು ಬೈಯುತ್ತೇವೆ, ಬೈಯಬೇಕಾದದ್ದೇ. ಆದರೆ ಹೆರಿಗೆಯ ರಾತ್ರಿ ಕದ ತಟ್ಟಿದರೆ ತೆಗೆಯುತ್ತಿದ್ದವನೂ ಅವನೇ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು, ಸಿಂಡಿಕೇಟೂ ಅವುಗಳಲ್ಲೊಂದು. ಶಾಖೆಗಳು ಹಳ್ಳಿಗಳನ್ನು ಸೇರಿದವು. 2014ರ ಆಗಸ್ಟಿನಲ್ಲಿ ಜನಧನ ಯೋಜನೆ ಬಂದು, ಒಂದು ರೂಪಾಯಿಯೂ ಇಡದೆ ತೆರೆಯಬಹುದಾದ ಖಾತೆಗಳು ಕೋಟಿಗಟ್ಟಲೆಯಾದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ತೆರೆದ ಖಾತೆಗಳನ್ನು ಎಣಿಸುವವರು ಬಹಳ; ಆ ಮನೆಯ ಉಳಿತಾಯ ನಿಜಕ್ಕೂ ಅದರಲ್ಲಿ ಬೀಳುತ್ತಿದೆಯೇ ಎಂದು ವಿಚಾರಿಸುವವರು ಕಡಿಮೆಯೆಂದು ನನ್ನ ಗುಮಾನಿ.

ಮನೆಮನೆ ಅಲೆದ ಆ ಏಜೆಂಟನು ದಿನವೂ ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದುದು ಇದನ್ನೇ. ಅವನಿಗೆ ದೊರೆಯುತ್ತಿದ್ದುದು ಕಮಿಷನ್. ಠೇವಣಿ ಸಂಗ್ರಾಹಕರು ಬ್ಯಾಂಕಿನ ಕೆಲಸಗಾರರು ಹೌದೋ ಅಲ್ಲವೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2001ರಲ್ಲಿ. ಪಿಗ್ಮಿ ಆರಂಭವಾಗಿ ಆಗಲೇ 73 ವರ್ಷಗಳಾಗಿದ್ದವು.