ಕಾರಿನ ತಲೆ ತಿದ್ದುವ ಡಬ್ಬಿ

ಎರಡು ವರ್ಷದ ಹಿಂದೆ ಆಫೀಸ್ ಕೆಲಸದ ಮೇಲೆ ಡೆಟ್ರಾಯಿಟ್‌ಗೆ ಹೋಗಿದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬ ತನ್ನ ಡೀಸೆಲ್ ಟ್ರಕ್ಕಿನ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಹಳೇ ಮೊಬೈಲಿನಂಥ ಡಬ್ಬಿಯೊಂದನ್ನು ಸಿಕ್ಕಿಸಿದ. ಕೆಲವು ನಿಮಿಷ ಪರದೆಯ ಮೇಲೆ ಪರ್ಸೆಂಟೇಜ್ ಓಡಿತು, ಅಷ್ಟೇ. ಗಾಡಿ ಬೇರೆಯೇ ಆಗಿಹೋಗಿತ್ತು! ಒಂದು ಸ್ಪ್ಯಾನರ್ ಕೂಡ ಮುಟ್ಟಿರಲಿಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ :-) ರೂಮಿಗೆ ಬಂದು ಇದರ ಚರಿತ್ರೆ ಕೆದಕಿದೆ. ತಮಾಷೆಯಾಗಿದೆ, ಕೇಳಿ.

ಕಾರ್ಬುರೇಟರ್ ಕಾಲದಲ್ಲಿ ಟ್ಯೂನಿಂಗ್ ಅಂದರೆ ಸ್ಕ್ರೂ ತಿರುಗಿಸುವುದು. 1970ರಲ್ಲಿ ಅಮೆರಿಕ ಶುದ್ಧ ಗಾಳಿಯ ಕಾಯಿದೆಯನ್ನು ಬಿಗಿ ಮಾಡಿತು. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಇರಬೇಕು. ಇದು ಸ್ಕ್ರೂ ಕೈಲಾಗುವ ಕೆಲಸವಲ್ಲ. ಹಾಗಾಗಿ 1981ರ ಹೊತ್ತಿಗೆ ಜನರಲ್ ಮೋಟಾರ್ಸ್ ತನ್ನ ಬಹುತೇಕ ಪೆಟ್ರೋಲ್ ಕಾರುಗಳಿಗೆ ಕಂಪ್ಯೂಟರ್ ಕೂರಿಸಿತು. ಅದರೊಳಗೆ ಇರುವುದು ನಮ್ಮ ಮಗ್ಗಿ ಪುಸ್ತಕದಂಥ ಕೋಷ್ಟಕಗಳು: ಇಷ್ಟು ವೇಗ, ಇಷ್ಟು ಭಾರ ಇದ್ದರೆ ಇಷ್ಟು ಇಂಧನ, ಇಂಥ ಹೊತ್ತಿಗೆ ಕಿಡಿ...

ಹುಡುಗರು ಸುಮ್ಮನಿರುತ್ತಾರೆಯೇ? ಎಂಬತ್ತರ ದಶಕದಲ್ಲಿ ಚಿಪ್ ಕಿತ್ತು ಬೇರೆ ಚಿಪ್ ಹಾಕಿದರು. ಆಮೇಲೆ ಕಿತ್ತು ಹಾಕುವ ಚಿಪ್ ಹೋಗಿ, ಅಲ್ಲೇ ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಮೆಮೊರಿ ಬಂತು. 1996ರಿಂದ ಅಲ್ಲಿನ ಪ್ರತಿ ಹೊಸ ಕಾರಿಗೂ ಒಬಿಡಿ-2 ಸಾಕೆಟ್ ಕಡ್ಡಾಯವಾಯಿತು. ಹೊಗೆಯ ವ್ಯವಸ್ಥೆ ಕೆಟ್ಟಿದೆಯೇ ಅಂತ ನೋಡಲು ಕಾನೂನು ಇಡಿಸಿದ ಆ ಕಿಂಡಿಯಿಂದಲೇ ಟ್ಯೂನರ್ ಡಬ್ಬಿಗಳು ಒಳಹೊಕ್ಕವು! ಡಬ್ಬಿ ಮೊದಲು ಕಂಪನಿಯ ಕೋಷ್ಟಕವನ್ನು ತನ್ನಲ್ಲಿ ಉಳಿಸಿಕೊಂಡು, ತಿದ್ದಿದ್ದನ್ನು ಬರೆಯುತ್ತದೆ. ನಡುವೆ ಬ್ಯಾಟರಿ ಕೈಕೊಟ್ಟರೆ ಗಾಡಿ ಅಲ್ಲೇ ಮಲಗಿದರೂ ಮಲಗೀತು.

ಇಲ್ಲಿಯತನಕ ನಾನು ಹುಡುಗರ ಪಕ್ಷವೇ. ಆದರೆ 2007ರಿಂದ ಡೀಸೆಲ್ ಪಿಕಪ್‌ಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂದಾಗ, ಅದನ್ನು ಕಿತ್ತೆಸೆದು ಕಂಪ್ಯೂಟರಿಗೆ ಸುಳ್ಳು ಹೇಳುವ ಡಬ್ಬಿಗಳೂ ಬಂದವು. 2013ರಲ್ಲಿ ಯೂಟಾದ ಎಡ್ಜ್ ಪ್ರಾಡಕ್ಟ್ಸ್ ಇಂಥ 9,000ಕ್ಕೂ ಹೆಚ್ಚು ಡಬ್ಬಿ ಮಾರಿದ ಪ್ರಕರಣದಲ್ಲಿ 5 ಲಕ್ಷ ಡಾಲರ್ ದಂಡಕ್ಕೆ ಒಪ್ಪಿತು. ಜೊತೆಗೆ ಜನರ ಹಳೇ ಸೌದೆ ಒಲೆಗಳನ್ನು ಬದಲಿಸಲೂ ದುಡ್ಡು ಕೊಡಬೇಕಾಯಿತು. ಮಸಿಗೆ ಮಸಿ ಲೆಕ್ಕ! ಹತ್ತು ವರ್ಷದಲ್ಲಿ 5.5 ಲಕ್ಷಕ್ಕೂ ಹೆಚ್ಚು ಪಿಕಪ್‌ಗಳ ಹೊಗೆ ನಿಯಂತ್ರಣ ಕಿತ್ತಿದ್ದಾರೆ ಅಂತ ಅಲ್ಲಿನ ಪರಿಸರ ಸಂಸ್ಥೆ 2020ರಲ್ಲಿ ಅಂದಾಜಿಸಿತು.

ಹಾಗಂತ ಕೋಡಿಗೆ ಬೀಗ ಹಾಕಿ ಕಂಪನಿಯನ್ನೇ ನಂಬೋಣವೇ? ಬೀಗ ಇರಲಿ ಅಂತ 2015ರಲ್ಲಿ ಅದೇ ಪರಿಸರ ಸಂಸ್ಥೆ ವಾದಿಸಿತ್ತು. ಕೆಲವೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯೇ ತನ್ನ ಡೀಸೆಲ್ ಕಾರುಗಳ ಕೋಡಿನಲ್ಲಿ ಮೋಸ ಬರೆದದ್ದು ಬಯಲಾಯಿತು. ಮುಂದಿನ ತಿಂಗಳು, ಮಾಲೀಕ ತನ್ನ ಗಾಡಿಯ ಕೋಡನ್ನು ನೋಡಿ ತಿದ್ದುವುದಕ್ಕೆ ಕಾಪಿರೈಟ್ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಹೊಗೆಯ ಕಾನೂನಿನಿಂದ ಅಲ್ಲ, ಗಮನಿಸಿ.

ನನಗೆ ಇದೇ ಸರಿ ಅನ್ನಿಸಿತು. ಕೋಡ್ ಓದುವ ಹಕ್ಕು ನನ್ನದು, ಹಿಂದೆ ಸೈಕಲ್ಲಿನಲ್ಲಿ ಬರುವವನ ಗಾಳಿ ನನ್ನದಲ್ಲ. "ನಿನ್ನ ಫಿಲ್ಟರ್ ಇನ್ನೂ ಇದೆಯಾ?" ಅಂತ ಮಾರನೇ ದಿನ ಗೆಳೆಯನನ್ನು ಕೇಳಿದೆ. ನಕ್ಕು ಮಾತು ಬದಲಿಸಿದ.

ನೀವಾಗಿದ್ದರೆ ಅವನ ಟ್ರಕ್ ಹತ್ತುತ್ತಿದ್ದಿರಾ?