ಅಪ್ಪ ಯಾಕೆ ರಜೆ ಹಾಕುತ್ತಿರಲಿಲ್ಲ?

ಸೆಂಟರ್‌ವಿಲ್ಲಿನ ಎಳೆಯ ಗೆಳೆಯರೇ, ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ಚಿಕ್ಕವರಿದ್ದಾಗ ಅಪ್ಪ ಜ್ವರ ಬಂದರೂ ರಜೆ ಹಾಕದೆ, ರೂಟ್ 28 ಹಿಡಿದು ಡಲೆಸ್ ಕಡೆಯ ಆಫೀಸಿಗೆ ಹೋಗುತ್ತಿದ್ದದ್ದು ನೆನಪಿದೆಯೇ? ಅದು ಬರೀ ಕೆಲಸದ ಹುಚ್ಚಲ್ಲ. ಅದರ ಹಿಂದೆ ಒಂದು ಚರಿತ್ರೆ ಇದೆ.

ಮೊದಲು ತಾತಂದಿರ ಕಾಲ ನೋಡಿ. ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. ಅಲ್ಲಿ ಕಾಯಂ ಆದರೆ ನಿವೃತ್ತಿಯವರೆಗೆ ಚಿಂತೆಯಿಲ್ಲ. ಪಾಳಿ ಮುಗಿದರೆ ಮನೆ. ದುಡಿಮೆ ಕಷ್ಟದ್ದೇ, ಆದರೆ ನಾಳೆಯ ಭಯ ಕಡಿಮೆ.

ಅವರ ಮಕ್ಕಳು ಇಲ್ಲಿಗೆ ಬಂದದ್ದು ಬೇರೆ ಕಟ್ಟಳೆಯ ಮೇಲೆ. 1990ರ ಕಾನೂನು ಎಚ್‌-1ಬಿ ವೀಸಾ ತಂದಿತು, ವರ್ಷಕ್ಕೆ 65,000. ವೈ2ಕೆ ಗಡಿಬಿಡಿಯ ಕಾಲದಲ್ಲಿ ಮಿತಿ 1,15,000ಕ್ಕೆ, 2001ಕ್ಕೆ 1,95,000ಕ್ಕೆ ಏರಿತು. ಆದರೆ ವೀಸಾ ಕಂಪನಿಗೆ ಗಂಟು ಬಿದ್ದಿತ್ತು. ಕೆಲಸ ಹೋದರೆ ಸಂಬಳದ ಜೊತೆಗೆ ಇಲ್ಲಿರುವ ಹಕ್ಕಿಗೂ ಕುತ್ತು. ಪ್ರಾಜೆಕ್ಟ್ ಇಲ್ಲದವರನ್ನು ಸಂಬಳವಿಲ್ಲದೆ ‘ಬೆಂಚ್’ ಮೇಲೆ ಕೂರಿಸಬಾರದೆಂದು 1998ರಲ್ಲಿ ಕಾನೂನೇ ಮಾಡಬೇಕಾಯಿತು. 2000ದ ತಿದ್ದುಪಡಿ ಬರುವ ತನಕ, ಹೊಸ ಕಂಪನಿಯ ಅರ್ಜಿ ಮಂಜೂರಾಗದೆ ಅಲ್ಲಿ ಕೆಲಸ ಶುರು ಮಾಡುವಂತಿರಲಿಲ್ಲ. 2002ರ ಜುಲೈನಲ್ಲಿ, ಪಕ್ಕದ ಆಶ್‌ಬರ್ನ್‌ನಲ್ಲಿ ದೊಡ್ಡ ಕಚೇರಿಯಿದ್ದ ವರ್ಲ್ಡ್‌ಕಾಮ್ ದಿವಾಳಿಯಾಯಿತು. ಕೆಲಸ ಕಳೆದುಕೊಂಡವರಿಗೆ ಬೇರೆ ಹುಡುಕಿಕೊಳ್ಳಲು 60 ದಿನಗಳವರೆಗಿನ ಗಡುವು ಕಾನೂನಿನಲ್ಲಿ ಸಿಕ್ಕಿದ್ದು 2017ರಲ್ಲಿ!

ಎಚ್‌-4 ವೀಸಾದಲ್ಲಿ ಬಂದ ಅಮ್ಮಂದಿರು, ಓದಿದ್ದರೂ, 2015ರವರೆಗೆ ಕೆಲಸಕ್ಕೆ ಸೇರುವಂತಿರಲಿಲ್ಲ. ಆಮೇಲೂ ಅವಕಾಶ ಸಿಕ್ಕಿದ್ದು ಎಲ್ಲರಿಗಲ್ಲ. ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ. ಇಡೀ ಸಂಸಾರ ಒಂದೇ ಸಂಬಳದ ಮೇಲೆ, ಒಂದೇ ಕಾಗದದ ಮೇಲೆ ನಿಂತಿತ್ತು. ಹಾಗಿರುವಾಗ ಮ್ಯಾನೇಜರಿಗೆ “ಆಗಲ್ಲ” ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಈಗ ನೀವೂ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತೀರಿ. ರಾತ್ರಿ ಕರೆ, ಲೇಆಫ್ ಸುದ್ದಿ, ನಿದ್ದೆಗೇಡು ನಿಮಗೂ ಇದ್ದದ್ದೇ. ಆದರೆ ಇಲ್ಲೇ ಹುಟ್ಟಿದ ನಿಮಗೆ, ಕೆಲಸ ಬಿಟ್ಟರೆ ದೇಶ ಬಿಡಬೇಕಾಗಿಲ್ಲ. “ಸುಮ್ಮನೆ ಸಹಿಸಿಕೋ ಮಗಾ” ಎಂದು ಅಪ್ಪ ಹೇಳಿದರೆ, ಮಾತಾಡುತ್ತಿರುವುದು ಆ ಹಳೆಯ ಭಯ. ಅವರ ಮೇಲೆ ಸಿಟ್ಟಾಗಬೇಡಿ. ಆ ಭಯವನ್ನು ಆಸ್ತಿಯಂತೆ ಪಡೆಯಲೂ ಬೇಡಿ. ಮೈಗೆ, ಮನಸ್ಸಿಗೆ ಆಗದಿದ್ದರೆ ಬಾಯಿಬಿಟ್ಟು ಹೇಳಿ, ರಜೆ ಹಾಕಿ.

ನಿಮ್ಮ ಟೀಮಿನಲ್ಲಿ ಊರಿಂದ ಹೊಸದಾಗಿ ಬಂದವರೊಬ್ಬರು ಯಾವುದಕ್ಕೂ ಇಲ್ಲ ಅನ್ನದೆ ದುಡಿಯುತ್ತಿದ್ದರೆ, ಅವರ ಪಾಲಿಗೆ ಆ ಕಾಲ ಇನ್ನೂ ಮುಗಿದಿಲ್ಲ ಎಂದು ತಿಳಿಯಿರಿ. ಅವರ ಪರವಾಗಿ “ಆಗಲ್ಲ” ಅನ್ನಲು ನಿಮ್ಮಿಂದಾಗುತ್ತದೆ.

ಈ ಭಾನುವಾರ ಊಟಕ್ಕೆ ಕೂತಾಗ ಕೇಳಿ: “ಅಪ್ಪಾ, ಆಗ ಹೇಗಿತ್ತು?”